ಡ್ರಮ್ಮಿನ ಲೇಬಲ್‌ನಿಂದ ಶುರು ಮಾಡಿ: ರಾಸಾಯನಿಕ ಅಸ್ತ್ರ ಕಾನೂನು ಕಾರ್ಖಾನೆಗೆ, ವ್ಯಾಪಾರಿಗೆ ಏನು ಹೇಳುತ್ತದೆ

ಪೀಣ್ಯದ ಲೇತ್ ಶೆಡ್‌ಗಳಲ್ಲಿ ಬಳಸುವ ಕೂಲೆಂಟ್‌ನಲ್ಲಿ ಬಹಳ ಸಲ ಟ್ರೈಎಥನಾಲಮೈನ್ ಇರುತ್ತದೆ. ಸಿಮೆಂಟ್ ಅರೆಯುವಾಗ ಹಾಕುವ ಗ್ರೈಂಡಿಂಗ್ ಏಡ್‌ನಲ್ಲೂ ಇರುತ್ತದೆ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುತ್ತದೆ. ಇದೇ ವಸ್ತು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ 3ನೇ ಷೆಡ್ಯೂಲ್‌ನಲ್ಲೂ, ಅಂದರೆ ಮೂರನೇ ಪಟ್ಟಿಯಲ್ಲೂ ಇದೆ. ಹಾಗಂತ ಕ್ರೀಮ್ ಕೊಂಡವರ ಮನೆಗೆ ಯಾರೂ ತಪಾಸಣೆಗೆ ಬರುವುದಿಲ್ಲ. ಆದರೆ ಅದನ್ನು ಟನ್‌ಗಟ್ಟಲೆ ತಯಾರಿಸುವವರು, ಹೊರದೇಶಕ್ಕೆ ಕಳಿಸುವವರು, ತರಿಸುವವರು ಲೆಕ್ಕ ಕೊಡಬೇಕು.

ಈ ಬರಹ ಅಂಥವರಿಗಾಗಿ. ಯಾದಗಿರಿಯ ಕಡೇಚೂರು, ಬೀದರಿನ ಕೊಳಾರ, ನಂಜನಗೂಡು, ಬೈಕಂಪಾಡಿ ಕಡೆ ಔಷಧಿ, ಕೀಟನಾಶಕ, ಡೈ ಮಾಡುವ ಘಟಕಗಳಲ್ಲಿ ಸ್ಟೋರ್ಸ್ ಅಥವಾ ರಫ್ತು ವಿಭಾಗ ನೋಡಿಕೊಳ್ಳುವವರು, ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವ ಕೆಮಿಕಲ್ ವ್ಯಾಪಾರಿಗಳು ಓದಲಿ ಎಂದು ಬರೆದಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ಚಿಕ್ಕ ಕಡೆ ಎಲ್ಲ ಒಬ್ಬರ ತಲೆ ಮೇಲೆ ಬೀಳುತ್ತದೆ, ಅಲ್ವಾ?

ಮೊದಲು, ಯಾರು ಯಾರು ಇದ್ದಾರೆ

ಒಪ್ಪಂದ ಜಾರಿಗೆ ಬಂದದ್ದು 1997ರ ಏಪ್ರಿಲ್ 29ರಂದು. ಇವತ್ತು ಅದರಲ್ಲಿ 193 ದೇಶಗಳಿವೆ. ಅದನ್ನು ನೋಡಿಕೊಳ್ಳುವ ಸಂಸ್ಥೆ ಒಪಿಸಿಡಬ್ಲ್ಯು, ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿದೆ. ಭಾರತ 1996ರಲ್ಲೇ ಒಪ್ಪಂದವನ್ನು ಅಂಗೀಕರಿಸಿತು. ತನ್ನ ಬಳಿ ಇದ್ದ ಅಸ್ತ್ರಗಳನ್ನು 1997ರಲ್ಲಿ ಘೋಷಿಸಿ, 2009ರ ಹೊತ್ತಿಗೆ ಪೂರ್ತಿ ನಾಶ ಮಾಡಿತು. ದೇಶದೊಳಗೆ ಇದಕ್ಕಾಗಿ ಮಾಡಿದ ಕಾಯ್ದೆ 2000ದ್ದು. ಜಾರಿಯಾದದ್ದು 2005ರ ಜುಲೈ 1ರಂದು.

ನಿಮಗೆ ಎದುರಾಗುವ ಕಚೇರಿಗಳು ಮುಖ್ಯವಾಗಿ ಮೂರು. ಕೇಂದ್ರ ಸಂಪುಟ ಸಚಿವಾಲಯದ ಕೆಳಗಿರುವ ರಾಷ್ಟ್ರೀಯ ಪ್ರಾಧಿಕಾರ ಹೇಗ್ ಜೊತೆ ಮಾತಾಡುತ್ತದೆ. ಕಾರ್ಖಾನೆಗಳ ಲೆಕ್ಕವನ್ನು ಕೇಂದ್ರದ ರಸಾಯನ ಮತ್ತು ಪೆಟ್ರೋಕೆಮಿಕಲ್ಸ್ ಇಲಾಖೆ ಸಂಗ್ರಹಿಸುತ್ತದೆ. ರಫ್ತು ಪರವಾನಗಿ ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಕೈಯಲ್ಲಿದೆ. ಇವುಗಳ ಜೊತೆಗೆ ಬಂದರಿನಲ್ಲಿ ಕಸ್ಟಮ್ಸ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಕಾರ್ಖಾನೆ ಸುರಕ್ಷತೆಯ ಕಾನೂನು ಅಲ್ಲ. ಭೋಪಾಲಿನಲ್ಲಿ ಸೋರಿದ ಮಿಥೈಲ್ ಐಸೋಸಯನೇಟ್ ಈ ಒಪ್ಪಂದದ ಯಾವ ಷೆಡ್ಯೂಲ್‌ನಲ್ಲೂ ಇಲ್ಲ. ಸುರಕ್ಷತೆಗೆ, ಮಾಲಿನ್ಯಕ್ಕೆ ಬೇರೆ ನಿಯಮಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆ, ಆದ್ದರಿಂದ ಎಲ್ಲ ಸರಿಯಾಗಿದೆ ಎಂದುಕೊಂಡು ಕೂತವರು ಬಹಳ ಜನ.

ಹೆಜ್ಜೆ 1: ಹೆಸರು ನಂಬಬೇಡಿ, ಸಿಎಎಸ್ ನಂಬರ್ ನೋಡಿ

ಒಂದೇ ರಾಸಾಯನಿಕಕ್ಕೆ ಹತ್ತು ಹೆಸರು ಇರುತ್ತದೆ. ಬ್ರ್ಯಾಂಡ್ ಹೆಸರು ಬೇರೆ, ಅಂಗಡಿಯವರು ಕರೆಯುವ ಹೆಸರು ಬೇರೆ. ಟ್ರೈಎಥನಾಲಮೈನ್ ಅನ್ನು ಬಹಳ ಜನ ಟಿಇಎ ಎಂದಷ್ಟೇ ಬರೆಯುತ್ತಾರೆ. ಅದಕ್ಕೇ ಸಿಎಎಸ್ ನಂಬರ್ ಬೇಕು. ಪ್ರತಿ ರಾಸಾಯನಿಕಕ್ಕೂ ಒಂದು ನಂಬರ್ ಇದೆ. ಟಿಇಎ ನಂಬರ್ 102-71-6. ಸರಕಿನ ಜೊತೆ ಬರುವ ಸುರಕ್ಷತಾ ಹಾಳೆ, ಅಂದರೆ ಎಸ್‌ಡಿಎಸ್‌ನಲ್ಲಿ ಇದು ಬರೆದಿರುತ್ತದೆ.

ಗೋಡೌನಿನಲ್ಲಿರುವ ಎಲ್ಲ ಕಚ್ಚಾವಸ್ತು, ಮಧ್ಯಂತರ ವಸ್ತು, ಸಿದ್ಧ ಸರಕು ಪಟ್ಟಿ ಮಾಡಿ. ಒಂದು ಕಾಲಂನಲ್ಲಿ ಸಿಎಎಸ್ ನಂಬರ್, ಇನ್ನೊಂದರಲ್ಲಿ ಶೇಕಡಾ ಎಷ್ಟು ಎಂದು ಬರೆಯಿರಿ. ಶೇಕಡಾ ಯಾಕೆ ಬೇಕು ಎನ್ನುವುದು ಮುಂದೆ ಬರುತ್ತದೆ. ಈಗಲೇ ಬರೆದಿಟ್ಟುಕೊಂಡರೆ ಆಮೇಲೆ ಎರಡನೇ ಸಲ ಗೋಡೌನ್ ಸುತ್ತುವ ಕೆಲಸ ತಪ್ಪುತ್ತದೆ.

ಎಚ್‌ಎಸ್ ಕೋಡ್ ಮೇಲೆ ಮಾತ್ರ ಅವಲಂಬಿಸಬೇಡಿ. ಅದು ಸುಂಕದ ಲೆಕ್ಕಕ್ಕೆ ಮಾಡಿದ ವಿಂಗಡಣೆ. ಷೆಡ್ಯೂಲ್‌ನಲ್ಲಿರುವ ವಸ್ತು, ಇಲ್ಲದ ವಸ್ತು ಎರಡೂ ಒಂದೇ ಕೋಡ್‌ನಡಿ ಬರುವುದುಂಟು.

ಹೆಜ್ಜೆ 2: ಮೂರು ಷೆಡ್ಯೂಲ್, ಜೊತೆಗೆ ನಾಲ್ಕನೆಯ ಗುಂಪು

1ನೇ ಷೆಡ್ಯೂಲ್‌ನಲ್ಲಿ ಇರುವುದು ಸರಿನ್, ವಿಎಕ್ಸ್, ಮಸ್ಟರ್ಡ್ ಗ್ಯಾಸ್‌ನಂಥವು. ಅಸ್ತ್ರ ಬಿಟ್ಟರೆ ಇವಕ್ಕೆ ಬೇರೆ ಕೆಲಸವೇ ಇಲ್ಲ ಅನ್ನುವಷ್ಟು. ಉದ್ಯಮಕ್ಕೆ ಇದರ ಜೊತೆ ಸಂಬಂಧ ಇರಬಾರದು. ನೋವಿಚೋಕ್ ಗುಂಪಿನ ನರವಿಷಗಳನ್ನು ಇದೇ ಪಟ್ಟಿಗೆ 2019ರಲ್ಲಿ ತೀರ್ಮಾನಿಸಿ ಸೇರಿಸಿದರು, 2020ರ ಜೂನ್‌ನಲ್ಲಿ ಅದು ಜಾರಿಗೆ ಬಂತು. ಪಟ್ಟಿ ಬದಲಾದದ್ದು ಅದೇ ಮೊದಲು. ಹಳೆಯ ಪ್ರತಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದ್ದರೆ ತೆಗೆದು ಹೊಸದನ್ನು ಹಾಕಿ.

ಹರಳೆಣ್ಣೆ ಗಾಣದವರಿಗೊಂದು ಸಮಾಧಾನದ ಸುದ್ದಿ. ಹರಳು ಬೀಜದಲ್ಲಿರುವ ರಿಸಿನ್ ವಿಷ ಕೂಡ 1ನೇ ಷೆಡ್ಯೂಲ್‌ನಲ್ಲಿದೆ. ಆದರೆ ಎಣ್ಣೆ ತೆಗೆಯುವಾಗ ಯಾರೂ ರಿಸಿನ್ ಬೇರ್ಪಡಿಸುವುದಿಲ್ಲ. ಹಾಗಾಗಿ ಹರಳೆಣ್ಣೆ ಗಿರಣಿಗಳು 1ನೇ ಷೆಡ್ಯೂಲಿನ ಲೆಕ್ಕ ಕೊಡಬೇಕಿಲ್ಲ ಎಂದು ಒಪ್ಪಂದದ ದೇಶಗಳು ತೀರ್ಮಾನಿಸಿವೆ.

2ನೇ ಷೆಡ್ಯೂಲ್ ಎಂದರೆ ಉದ್ಯಮದಲ್ಲಿ ಸ್ವಲ್ಪ ಮಟ್ಟಿಗೆ ಬಳಕೆ ಇರುವವು. ಉದಾಹರಣೆಗೆ ಥಯೋಡೈಗ್ಲೈಕಾಲ್. ಬಾಲ್ ಪೆನ್ನಿನ ಇಂಕು, ಬಟ್ಟೆಗೆ ಬಣ್ಣ ಹಾಕುವ ಕೆಲಸ ಇಂಥ ಕಡೆ ಬಳಸುತ್ತಾರೆ. ಅದೇ ವಸ್ತುವಿನ ಕಥೆ ರಫ್ತಿನ ಭಾಗದಲ್ಲಿ ಮತ್ತೆ ಬರುತ್ತದೆ.

3ನೇ ಷೆಡ್ಯೂಲ್‌ನಲ್ಲಿ ಇರುವುದು ದೊಡ್ಡ ಪ್ರಮಾಣದಲ್ಲಿ ಓಡಾಡುವ ಸರಕು. ಫಾಸ್ಜೀನ್, ಹೈಡ್ರೋಜನ್ ಸಯನೈಡ್, ಥಯೋನಿಲ್ ಕ್ಲೋರೈಡ್, ಫಾಸ್ಫರಸ್ ಆಕ್ಸಿಕ್ಲೋರೈಡ್, ಫಾಸ್ಫರಸ್ ಟ್ರೈಕ್ಲೋರೈಡ್, ನಮ್ಮ ಟಿಇಎ. ಔಷಧಿ, ಕೀಟನಾಶಕ, ಪ್ಲಾಸ್ಟಿಕ್, ಡೈ ಉದ್ಯಮ ಇವಿಲ್ಲದೆ ನಡೆಯುವುದಿಲ್ಲ.

ನಾಲ್ಕನೆಯ ಗುಂಪನ್ನೇ ಜಾಸ್ತಿ ಜನ ಮರೆಯುವುದು. ಇವು ಯಾವ ಷೆಡ್ಯೂಲ್‌ನಲ್ಲೂ ಇಲ್ಲದ ಸಾವಯವ ರಾಸಾಯನಿಕಗಳು. ಕಡತಗಳಲ್ಲಿ ಡಿಒಸಿ ಎಂದು ಬರೆಯುತ್ತಾರೆ. ಯೂರಿಯಾ, ಮೆಥನಾಲ್ ಕೂಡ ಇದರಲ್ಲೇ ಬರುತ್ತವೆ. "ಯೂರಿಯಾದಿಂದ ಯಾರು ಅಸ್ತ್ರ ಮಾಡ್ತಾರೆ ಸ್ವಾಮಿ?" ಎಂದು ನೀವು ಕೇಳಬಹುದು. ಪ್ರಶ್ನೆ ಯೂರಿಯಾದ್ದಲ್ಲ. ಸಂಶ್ಲೇಷಣೆ ಮಾಡಬಲ್ಲ ರಿಯಾಕ್ಟರುಗಳು, ಪೈಪುಗಳು, ಕೈಪಳಗಿದ ಜನ ಎಲ್ಲೆಲ್ಲಿ ಇದ್ದಾರೆ ಎಂಬ ನಕ್ಷೆ ಒಪ್ಪಂದಕ್ಕೆ ಬೇಕು. ಅದರಲ್ಲೂ ರಂಜಕ, ಗಂಧಕ ಅಥವಾ ಫ್ಲೋರಿನ್ ಇರುವ ಸಾವಯವ ವಸ್ತುಗಳನ್ನು ಪಿಎಸ್‌ಎಫ್ ಎಂದು ಬೇರೆಯಾಗಿಯೇ ಲೆಕ್ಕ ಇಡುತ್ತಾರೆ. ಕೀಟನಾಶಕ ಮತ್ತು ಔಷಧಿ ಕಾರ್ಖಾನೆಗಳು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲೇ.

ಹೆಜ್ಜೆ 3: ವರ್ಷದ ಲೆಕ್ಕ ಹಾಕಿ

ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಡಿಕ್ಲರೇಷನ್, ಅಂದರೆ ಸರ್ಕಾರಕ್ಕೆ ಬರೆದುಕೊಡುವ ಲೆಕ್ಕ, ಬೇಕು ಎಂದೇನಿಲ್ಲ. ಒಂದು ಮಿತಿ ದಾಟಬೇಕು. ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ. ಏಪ್ರಿಲ್–ಮಾರ್ಚ್ ಲೆಕ್ಕದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಡಿಟರ್ ಕೊಟ್ಟ ಅಂಕಿಯನ್ನೇ ನಕಲು ಮಾಡಿ ತುಂಬಿದರೆ ಲೆಕ್ಕ ತಪ್ಪುತ್ತದೆ.

2ನೇ ಷೆಡ್ಯೂಲಿನ ಬಹುಪಾಲು ವಸ್ತುಗಳಿಗೆ ಮಿತಿ ವರ್ಷಕ್ಕೆ 1 ಟನ್. ಅದರಲ್ಲೇ ವಿಷಕಾರಿ ಎಂದು ಮೇಲಿನ ಭಾಗದಲ್ಲಿ ಇಟ್ಟಿರುವ ಮೂರಕ್ಕೆ ಇನ್ನೂ ಕಡಿಮೆ: ಎರಡಕ್ಕೆ 100 ಕಿಲೋ, ಬಿಝಡ್ ಎನ್ನುವ ಒಂದಕ್ಕೆ ಬರೀ 1 ಕಿಲೋ. ಇಲ್ಲಿ ತಯಾರಿಸಿದ್ದು, ಸಂಸ್ಕರಿಸಿದ್ದು, ಬಳಸಿದ್ದು ಮೂರನ್ನೂ ನೋಡುತ್ತಾರೆ. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಿತಿ ದಾಟಿದ್ದರೆ ಸಾಕು, ಈ ವರ್ಷ ಒಂದು ಹನಿ ಮುಟ್ಟದಿದ್ದರೂ ಡಿಕ್ಲರೇಷನ್ ಕೊಡಬೇಕು.

3ನೇ ಷೆಡ್ಯೂಲಿಗೆ 30 ಟನ್. ಇಲ್ಲಿ ತಯಾರಿಕೆ ಮಾತ್ರ ಲೆಕ್ಕಕ್ಕೆ. ಥಯೋನಿಲ್ ಕ್ಲೋರೈಡ್ ಕೊಂಡು ತಂದು ನಿಮ್ಮ ರಿಯಾಕ್ಟರಿನಲ್ಲಿ ಖರ್ಚು ಮಾಡುವವರು ಬಳಕೆಗಾಗಿ ಈ ಡಿಕ್ಲರೇಷನ್ ಕೊಡಬೇಕಿಲ್ಲ. ಹೊರದೇಶದಿಂದ ತರಿಸಿದರೆ ಮಾತು ಬೇರೆ. ದೇಶ ತನ್ನ ಒಟ್ಟು ಆಮದು–ರಫ್ತು ಲೆಕ್ಕವನ್ನು ಹೇಗ್‌ಗೆ ಕೊಡಬೇಕು, ಆ ಅಂಕಿ ನಿಮ್ಮಂಥವರಿಂದಲೇ ಹೋಗಬೇಕು.

ಡಿಒಸಿಗೆ ಎಲ್ಲ ಸೇರಿ 200 ಟನ್. ಪಿಎಸ್‌ಎಫ್ ಆದರೆ ಒಂದೇ ವಸ್ತು 30 ಟನ್ ದಾಟಿದರೆ ಸಾಕು. ಬರೀ ಹೈಡ್ರೋಕಾರ್ಬನ್ ಅಥವಾ ಬರೀ ಸ್ಫೋಟಕ ಮಾಡುವ ಘಟಕಗಳಿಗೆ ಇದರಿಂದ ವಿನಾಯಿತಿ ಇದೆ.

ಇನ್ನು ಶೇಕಡಾ ವಿಚಾರ. 3ನೇ ಷೆಡ್ಯೂಲಿನ ವಸ್ತು, 2ನೇ ಷೆಡ್ಯೂಲಿನ 1 ಟನ್ ಮಿತಿಯ ವಸ್ತು ಮಿಶ್ರಣದಲ್ಲಿ ಶೇ. 30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಿಕ್ಲರೇಷನ್ ಲೆಕ್ಕಕ್ಕೆ ಬರುವುದಿಲ್ಲ. ಕೂಲೆಂಟ್ ಡ್ರಮ್ಮು ಈ ಬಾಗಿಲಿನಿಂದ ಆಚೆ ಹೋಗುತ್ತದೆ.

ತಪ್ಪು ಹೆಚ್ಚಾಗುವ ಜಾಗ ಇನ್ನೊಂದಿದೆ. ಒಂದು ವಸ್ತು ರಿಯಾಕ್ಷನ್ ಮಧ್ಯೆ ಹುಟ್ಟಿ, ಹೊರಗೆ ತೆಗೆಯದೆ, ಅಲ್ಲೇ ಮುಂದಿನ ಹಂತದಲ್ಲಿ ಖರ್ಚಾಗಿಬಿಡುತ್ತದೆ. ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಆದರೂ ಅದು ತಯಾರಿಕೆಯೇ. ಹೀಗಾಗಿ ಈ ಲೆಕ್ಕವನ್ನು ಸ್ಟೋರ್ಸ್‌ನವರಿಗೆ ಮಾತ್ರ ಬಿಡದೆ, ಪ್ರೊಡಕ್ಷನ್ ಕೆಮಿಸ್ಟ್ ಜೊತೆ ಕೂತು ಬ್ಯಾಚ್ ಶೀಟ್ ನೋಡಿ ಹಾಕಬೇಕು.

ಹೆಜ್ಜೆ 4: ಡಿಕ್ಲರೇಷನ್ ಕಳಿಸಿ

ಎರಡು ಬಗೆ. ಹೋದ ವರ್ಷ ಮಾಡಿದ್ದು, ಬರುವ ವರ್ಷ ಮಾಡಲಿರುವುದು. ಭಾರತ ಹೇಗ್‌ಗೆ ಹೋದ ವರ್ಷದ ಲೆಕ್ಕವನ್ನು ವರ್ಷ ಮುಗಿದ 90 ದಿನದೊಳಗೆ ಕೊಡಬೇಕು. 2 ಮತ್ತು 3ನೇ ಷೆಡ್ಯೂಲಿನ ಮುಂದಿನ ವರ್ಷದ ಅಂದಾಜನ್ನು ವರ್ಷ ಶುರುವಾಗುವ 60 ದಿನ ಮೊದಲು ಕೊಡಬೇಕು. ನಿಮ್ಮ ಗಡುವು ಇದಕ್ಕಿಂತ ಸಾಕಷ್ಟು ಮುಂಚೆ ಇರುತ್ತದೆ, ಏಕೆಂದರೆ ಇಲಾಖೆ ದೇಶದ ಲೆಕ್ಕವನ್ನೆಲ್ಲ ಒಟ್ಟು ಮಾಡಬೇಕು. ಇಲಾಖೆಯ ಪ್ರಕಟಣೆ ನೋಡಿ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಿತಿ ಹತ್ತಿರ ಇದ್ದರೆ, ಉದಾಹರಣೆಗೆ 28 ಟನ್ ಆಗಿದ್ದರೆ, ಡಿಕ್ಲರೇಷನ್ ಬೇಡ. ಆದರೆ ಲೆಕ್ಕದ ಹಾಳೆ ಮಾತ್ರ ಫೈಲಿನಲ್ಲಿ ಇರಲಿ. "ನಾವು ದಾಟಿಲ್ಲ" ಎಂದು ಬಾಯಲ್ಲಿ ಹೇಳುವುದಕ್ಕೂ ಕಾಗದ ತೋರಿಸುವುದಕ್ಕೂ ವ್ಯತ್ಯಾಸ ಇದೆ.

ಹೆಜ್ಜೆ 5: ತಪಾಸಣೆಗೆ ತಯಾರಿ

ಡಿಕ್ಲರೇಷನ್ ಮಿತಿ ಬೇರೆ, ತಪಾಸಣೆ ಮಿತಿ ಬೇರೆ. 2ನೇ ಷೆಡ್ಯೂಲಿನ ಸಾಮಾನ್ಯ ವಸ್ತುಗಳಿಗೆ 10 ಟನ್ ದಾಟಿದರೆ, 3ನೇ ಷೆಡ್ಯೂಲಿಗೆ 200 ಟನ್ ದಾಟಿದರೆ ಹೇಗ್‌ನಿಂದ ತಂಡ ಬರಬಹುದು. ಡಿಒಸಿ ಘಟಕಗಳಿಗೂ ಬರುತ್ತಾರೆ. 2ನೇ ಷೆಡ್ಯೂಲಿನ ಘಟಕಕ್ಕೆ ತಂಡ ಬರುವ ಕನಿಷ್ಠ 48 ಗಂಟೆ ಮೊದಲು ಸರ್ಕಾರಕ್ಕೆ ತಿಳಿಸುತ್ತಾರೆ, ಉಳಿದವಕ್ಕೆ 120 ಗಂಟೆ ಮೊದಲು. ಸರ್ಕಾರದಿಂದ ನಿಮಗೆ ಫೋನ್ ಬರುವ ಹೊತ್ತಿಗೆ ಅದರಲ್ಲಿ ಸ್ವಲ್ಪ ಕಳೆದಿರುತ್ತದೆ. ತಪಾಸಣೆ 2ನೇ ಷೆಡ್ಯೂಲಿಗೆ 96 ಗಂಟೆವರೆಗೆ, ಉಳಿದವಕ್ಕೆ 24 ಗಂಟೆವರೆಗೆ ನಡೆಯಬಹುದು.

ತಂಡದ ಜೊತೆ ನಮ್ಮ ಸರ್ಕಾರದ ಅಧಿಕಾರಿಗಳು ಇರುತ್ತಾರೆ. ಒಬ್ಬರೇ ಎದುರಿಸಬೇಕಿಲ್ಲ. ಮೊದಲು ನೀವು ಕಾರ್ಖಾನೆಯ ಪರಿಚಯ ಕೊಡಬೇಕು, ಅದಕ್ಕೆ ಹೆಚ್ಚೆಂದರೆ ಮೂರು ಗಂಟೆ. ನಕ್ಷೆ, ಸುರಕ್ಷತಾ ನಿಯಮ, ಯಾವ ಪ್ಲಾಂಟ್‌ನಲ್ಲಿ ಏನು ನಡೆಯುತ್ತದೆ ಎಂಬುದು ಅದರಲ್ಲಿ ಇರಲಿ. ಆಮೇಲೆ ಅವರು ನೋಡುವುದು ಮುಖ್ಯವಾಗಿ ಎರಡು. ನೀವು ಬರೆದುಕೊಟ್ಟ ಲೆಕ್ಕಕ್ಕೂ ಅಲ್ಲಿ ಕಾಣುವುದಕ್ಕೂ ತಾಳೆ ಆಗುತ್ತದಾ? 1ನೇ ಷೆಡ್ಯೂಲಿನ ವಸ್ತು ಯಾವುದೂ ಇಲ್ಲ ತಾನೇ? 2ನೇ ಷೆಡ್ಯೂಲಿನ ಕಡೆ ಸ್ಯಾಂಪಲ್ ತೆಗೆದು, ತಾವೇ ತಂದ ಯಂತ್ರದಲ್ಲಿ ಪರೀಕ್ಷೆ ಮಾಡುವುದೂ ಉಂಟು.

ಪ್ರಕ್ರಿಯೆಯ ಗುಟ್ಟು ಹೊರಗೆ ಹೋಗುತ್ತದೆ ಎಂಬ ಭಯ ಮಾಲೀಕರಿಗೆ ಸಹಜ. ಗೋಪ್ಯತೆಗಾಗಿಯೇ ಒಪ್ಪಂದದಲ್ಲಿ ಒಂದು ಅನುಬಂಧ ಇದೆ. ಯಾವ ಮಾಹಿತಿ ಗೋಪ್ಯ ಎಂದು ಮೊದಲೇ ಗುರುತು ಮಾಡಿ, ಜೊತೆಗಿರುವ ನಮ್ಮ ಅಧಿಕಾರಿಗೆ ಹೇಳಿ. ಬಾಗಿಲು ಹಾಕಿಕೊಂಡು "ಇದು ತೋರಿಸಲ್ಲ" ಎಂದರೆ ಅನುಮಾನ ಬೆಳೆಯುತ್ತದೆ. ಬ್ಯಾಚ್ ಕಾರ್ಡ್, ಖರೀದಿ ಬಿಲ್, ಮಾರಾಟದ ಇನ್‌ವಾಯ್ಸ್, ವೇಸ್ಟ್ ವಿಲೇವಾರಿ ಚೀಟಿ ಒಂದಕ್ಕೊಂದು ಹೊಂದಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 6: ರಫ್ತು — ಇಲ್ಲಿ ನಿಧಾನವಾಗಿ ಹೋಗಿ

ಕಾರ್ಖಾನೆಯೊಳಗಿನ ತಪ್ಪು ಬಹುತೇಕ ಕಾಗದದ ತಪ್ಪು. ಹೊರಗೆ ಕಳಿಸುವಾಗಿನ ತಪ್ಪು ಜನರ ಪ್ರಾಣಕ್ಕೆ ಬರುತ್ತದೆ.

ಫ್ರಾನ್ಸ್ ಫಾನ್ ಆನ್ರಾಟ್ ಎಂಬ ಡಚ್ ವ್ಯಾಪಾರಿ 1980ರ ದಶಕದಲ್ಲಿ ಇರಾಕಿಗೆ ಸಾವಿರ ಟನ್ನಿಗೂ ಜಾಸ್ತಿ ಥಯೋಡೈಗ್ಲೈಕಾಲ್ ಮಾರಿದ. ಅದು ಸದ್ದಾಂ ಆಡಳಿತದ ಮಸ್ಟರ್ಡ್ ಗ್ಯಾಸ್ ಕಾರ್ಖಾನೆ ಸೇರಿತು. ಆ ಅನಿಲವನ್ನು ಇರಾನಿನವರ ಮೇಲೆ, ಕುರ್ದರ ಮೇಲೆ ಹಾಕಿದರು. ಅವನು ಬಾಂಬ್ ಮಾಡಲಿಲ್ಲ, ವಿಮಾನ ಹಾರಿಸಲಿಲ್ಲ, ಸರಕು ಕೊಂಡು ಮಾರಿದ ಅಷ್ಟೇ. 2005ರ ಡಿಸೆಂಬರಿನಲ್ಲಿ ಹೇಗ್ ನಗರದ ಡಚ್ ನ್ಯಾಯಾಲಯ ಯುದ್ಧಾಪರಾಧಕ್ಕೆ ನೆರವಾದ ತಪ್ಪಿಗೆ 15 ವರ್ಷ ಜೈಲು ಕೊಟ್ಟಿತು. ಮೇಲ್ಮನವಿಯಲ್ಲಿ ಅದು 17 ವರ್ಷಕ್ಕೆ ಏರಿತು.

ಎರಡನೆಯದು ಹತ್ತಿರದ ಕಾಲದ್ದು. ಬೆಲ್ಜಿಯಂನ ಮೂರು ಕಂಪನಿಗಳು 2014ರಿಂದ 2016ರ ನಡುವೆ ಸಿರಿಯಾಕ್ಕೆ ಪರವಾನಗಿ ಇಲ್ಲದೆ ಐಸೋಪ್ರೊಪನಾಲ್ ಕಳಿಸಿದವು. 2019ರಲ್ಲಿ ಆಂಟ್‌ವರ್ಪ್ ನ್ಯಾಯಾಲಯ ಅವರನ್ನು ತಪ್ಪಿತಸ್ಥರು ಎಂದಿತು. ಐಸೋಪ್ರೊಪನಾಲ್ ಎಂದರೆ ಕೋವಿಡ್ ಕಾಲದಲ್ಲಿ ನಾವೆಲ್ಲ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್‌ಗಳಲ್ಲಿ ಇದ್ದದ್ದು. ಅದು ಒಪ್ಪಂದದ ಯಾವ ಷೆಡ್ಯೂಲ್‌ನಲ್ಲೂ ಇಲ್ಲ. ಆದರೆ ಆ ದೇಶಕ್ಕೆ ಕಳಿಸಲು ಯುರೋಪಿನಲ್ಲಿ ಪರವಾನಗಿ ಬೇಕಿತ್ತು. ಆ ಮೂವರಲ್ಲಿ ಒಬ್ಬರು ಕಸ್ಟಮ್ಸ್ ಏಜೆಂಟ್ ಎಂಬುದನ್ನು ಗಮನಿಸಿ. ಕಾಗದ ಮಾಡಿಕೊಟ್ಟವರೂ ಕಟಕಟೆಗೆ ಬಂದರು.

ನಮ್ಮಲ್ಲಿ ರಫ್ತಿಗೆ ನೋಡಬೇಕಾದ ಪಟ್ಟಿಯ ಹೆಸರು ಸ್ಕಾಮೆಟ್. ಡಿಜಿಎಫ್‌ಟಿ ಅದನ್ನು ಪ್ರಕಟಿಸುತ್ತದೆ. ಅದರಲ್ಲಿ 1 ಎಂಬ ಸಂಖ್ಯೆಯ ವರ್ಗ ರಾಸಾಯನಿಕಗಳದ್ದು. ಮೂರು ಷೆಡ್ಯೂಲ್‌ಗಳ ವಸ್ತುಗಳ ಜೊತೆಗೆ ಆಸ್ಟ್ರೇಲಿಯಾ ಗ್ರೂಪ್ ಎಂಬ ದೇಶಗಳ ಕೂಟ ನಿಯಂತ್ರಿಸುವ ವಸ್ತುಗಳೂ ಸ್ಕಾಮೆಟ್‌ನಲ್ಲಿವೆ. ಭಾರತ 2018ರ ಜನವರಿಯಲ್ಲಿ ಆ ಕೂಟ ಸೇರಿತು. ಯಂತ್ರಗಳೂ ಇದರಲ್ಲಿವೆ. ಹಳೆಯ ಗ್ಲಾಸ್ ಲೈನ್ಡ್ ರಿಯಾಕ್ಟರ್ ಅಥವಾ ಹ್ಯಾಸ್ಟೆಲಾಯ್ ಎಂಬ ನಿಕಲ್ ಮಿಶ್ರಲೋಹದ ವಾಲ್ವ್ ಸೆಕೆಂಡ್ ಹ್ಯಾಂಡ್‌ನಲ್ಲಿ ಹೊರಗೆ ಮಾರುವವರು ಇದನ್ನು ಓದಲೇಬೇಕು. ಗುಜರಿ ಎಂದು ಬಿಲ್ ಹಾಕಿದ ಮಾತ್ರಕ್ಕೆ ನಿಯಮ ಬದಲಾಗುವುದಿಲ್ಲ.

ಮುಂದೆ ಯಾವ ದೇಶ ಎಂದು ನೋಡಿ. ರಾಸಾಯನಿಕ ಅಸ್ತ್ರ ಒಪ್ಪಂದಕ್ಕೆ ಇಸ್ರೇಲ್ ಸಹಿ ಹಾಕಿದೆ, ಅಂಗೀಕರಿಸಿಲ್ಲ. ಈಜಿಪ್ಟ್, ಉತ್ತರ ಕೊರಿಯಾ, ದಕ್ಷಿಣ ಸುಡಾನ್ ಸಹಿಯನ್ನೇ ಹಾಕಿಲ್ಲ. ಉತ್ತರ ಕೊರಿಯಾದಿಂದ ಆರ್ಡರ್ ಬರುವುದಿಲ್ಲ ಬಿಡಿ. ಆದರೆ ಈಜಿಪ್ಟ್, ಇಸ್ರೇಲ್ ನಿಜವಾದ ಮಾರುಕಟ್ಟೆಗಳು, ಗೊತ್ತಿಲ್ಲದೆ ಎಡವುವುದು ಅಲ್ಲೇ. 2ನೇ ಷೆಡ್ಯೂಲಿನ ವಸ್ತುವನ್ನು ಈ ನಾಲ್ಕು ದೇಶಗಳಿಗೆ ಕಳಿಸುವಂತಿಲ್ಲ, 2000ದಿಂದಲೇ ನಿಷೇಧ ಇದೆ. 3ನೇ ಷೆಡ್ಯೂಲಿನದಾದರೆ ಕೊಳ್ಳುವ ದೇಶದ ಸರ್ಕಾರದಿಂದ ಅಂತಿಮ ಬಳಕೆಯ ಪ್ರಮಾಣಪತ್ರ ಬೇಕು, ಮೇಲೆ ಡಿಜಿಎಫ್‌ಟಿ ಅನುಮತಿ. ಬೇರೆ ದೇಶಗಳಿಗೂ ವಸ್ತುವನ್ನು ನೋಡಿಕೊಂಡು ಅನುಮತಿ ಅಥವಾ ಕಳಿಸಿದ ಮೇಲೆ ವರದಿ ಬೇಕಾಗುತ್ತದೆ. ನಿಯಮ ಆಗಾಗ ತಿದ್ದುಪಡಿ ಆಗುವುದರಿಂದ ಪ್ರತಿ ಆರ್ಡರಿಗೂ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿರುವ ಇತ್ತೀಚಿನ ಪಟ್ಟಿಯನ್ನೇ ನೋಡಿ. ಹೋದ ವರ್ಷ ಹೀಗೇ ಕಳಿಸಿದ್ದೆವು ಎನ್ನುವುದು ಆಧಾರ ಆಗುವುದಿಲ್ಲ. ಅರ್ಜಿಗಳನ್ನು ಹಲವು ಸಚಿವಾಲಯಗಳ ಸಮಿತಿ ನೋಡುವುದರಿಂದ ಸಮಯ ಹಿಡಿಯುತ್ತದೆ. ಗಿರಾಕಿಗೆ ಡೆಲಿವರಿ ತಾರೀಕು ಕೊಡುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಪಟ್ಟಿಯಲ್ಲಿ ಇಲ್ಲದ ವಸ್ತು ಆದರೂ, ಅದು ಅಸ್ತ್ರಕ್ಕೆ ಹೋಗುತ್ತದೆ ಎಂದು ಗೊತ್ತಿದ್ದು ಕಳಿಸಿದರೆ 2005ರ ಸಮೂಹ ನಾಶಕ ಅಸ್ತ್ರಗಳ ಕಾಯ್ದೆ ಹಿಡಿಯುತ್ತದೆ. ನೀರು ಶುದ್ಧ ಮಾಡುವ ಕ್ಲೋರಿನ್ ಯಾವ ಷೆಡ್ಯೂಲ್‌ನಲ್ಲೂ ಇಲ್ಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಕ್ಲೋರಿನ್.

ಹೆಜ್ಜೆ 7: ಗಿರಾಕಿಯನ್ನು ನೋಡಿ ಮಾರಿ

ಕೊಳ್ಳುವವರು ಏನು ಕೆಲಸ ಮಾಡುತ್ತಾರೆ ಎಂದು ಅನುಭವಿ ವ್ಯಾಪಾರಿಗೆ ಎರಡು ಮಾತಿನಲ್ಲಿ ಗೊತ್ತಾಗುತ್ತದೆ. ಆ ಅನುಭವವನ್ನೇ ಬಳಸಿ. ಏನಕ್ಕೆ ಬೇಕು ಎಂದರೆ ಹಾರಿಕೆ ಉತ್ತರ, ಅವರ ಉದ್ಯಮದ ಗಾತ್ರಕ್ಕೆ ಮೀರಿದ ಪ್ರಮಾಣ, ಲೇಬಲ್ ತೆಗೆದು ಕೊಡಿ ಎಂಬ ಬೇಡಿಕೆ, ದರ ಕೇಳದೆ ನಗದು ಕೊಡುವ ಆತುರ, ತಲುಪಬೇಕಾದ ವಿಳಾಸದಲ್ಲಿ ಬರೀ ಸಾಗಣೆ ಏಜೆಂಟ್ ಕಚೇರಿ. ಇವುಗಳಲ್ಲಿ ಒಂದು ಕಂಡರೆ ಪ್ರಶ್ನೆ ಕೇಳಿ, ಎರಡು ಕಂಡರೆ ಸರಕು ತಡೆಯಿರಿ. ದೇಶದೊಳಗೆ ಮಾರುವಾಗಲೂ ಬಳಕೆಯ ಬಗ್ಗೆ ಒಂದು ಲಿಖಿತ ಘೋಷಣೆ ತೆಗೆದುಕೊಳ್ಳುವುದು ಒಳ್ಳೆಯದು. ಸುಮ್ನೆ ಸಹಿ ಮಾಡಿಸಿ ಫೈಲಿಗೆ ಹಾಕಿದರೆ ಉಪಯೋಗ ಇಲ್ಲ, ಯಾರಾದರೂ ಅದನ್ನು ಓದಬೇಕು.

ರಫ್ತಿನ ಕಾಗದಗಳನ್ನು ಕಡಿಮೆ ಎಂದರೆ ಐದು ವರ್ಷ ಇಡಿ. ಆರ್ಡರ್ ಬೇಡ ಎಂದು ತಿರಸ್ಕರಿಸಿದ್ದರೆ ಆ ಇಮೇಲನ್ನೂ ಇಡಿ.

ಅನುಮಾನ ಬಂದರೆ

ಮುಂಬೈ ಮೂಲದ ಇಂಡಿಯನ್ ಕೆಮಿಕಲ್ ಕೌನ್ಸಿಲ್ ಈ ಒಪ್ಪಂದದ ವಿಷಯದಲ್ಲಿ ಉದ್ಯಮಗಳಿಗೆ ಹೆಲ್ಪ್‌ಡೆಸ್ಕ್ ನಡೆಸುತ್ತದೆ. 2024ರಲ್ಲಿ ಒಪಿಸಿಡಬ್ಲ್ಯು–ಹೇಗ್ ಪ್ರಶಸ್ತಿ ಈ ಕೌನ್ಸಿಲ್‌ಗೇ ಬಂತು. ರಫ್ತಿನ ಪ್ರಶ್ನೆಗಳಿಗೆ ಡಿಜಿಎಫ್‌ಟಿಯ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಶುರು ಮಾಡಬಹುದು. ಸ್ಕಾಮೆಟ್ ಅರ್ಜಿಯ ತೀರ್ಮಾನ ಮಾತ್ರ ದೆಹಲಿಯಲ್ಲಿ. ಎಲ್ಲಿಗೆ ಬರೆದರೂ ಸಿಎಎಸ್ ನಂಬರ್, ಶೇಕಡಾ ಪ್ರಮಾಣ, ವರ್ಷದ ಟನ್ ಲೆಕ್ಕ, ಹೋಗುವ ದೇಶ ಈ ನಾಲ್ಕನ್ನು ಮೊದಲ ಪತ್ರದಲ್ಲೇ ಬರೆಯಿರಿ. ಇಲ್ಲದಿದ್ದರೆ ಅವರಿಂದ ಬರುವ ಮೊದಲ ಉತ್ತರ ಈ ನಾಲ್ಕನ್ನೇ ಕೇಳುತ್ತದೆ.